ಅಣ್ಣನ ಕ್ಯಾಸೆಟ್

ಹಳೆಯದನ್ನು ಕಾಪಾಡುವುದೆಂದರೆ ಅದರ ಪೆಟ್ಟಿಗೆಯನ್ನು ಕಾಪಾಡುವುದು ಎಂದೇ ನಮ್ಮ ಕಡೆಯ ಹೆಚ್ಚಿನವರ ತಿಳಿವಳಿಕೆ. ಯಾವ ಮನೆಯ ಅಟ್ಟ ಹತ್ತಿದರೂ ಬಿರುಕು ಬಿಟ್ಟ ಭರಣಿ, ಕಾಲು ಮುರಿದ ಮಣೆ, ಮಾತಾಡದ ರೇಡಿಯೋ ಕಾಣಸಿಗುತ್ತವೆ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ "ಇರಲಿ, ಅಜ್ಜನ ಕಾಲದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ವಸ್ತುಗಳಲ್ಲಿ ಎರಡು ಬಗೆ. ಭರಣಿಯಂಥವು ಮೂಲೆಯಲ್ಲಿ ಸುಮ್ಮನೆ ಕುಳಿತರೂ ಉಳಿದ ಹಾಗೆಯೇ. ಇನ್ನು ಕೆಲವು ನಡೆದರೆ ಮಾತ್ರ ಉಂಟು, ನಡೆಯದಿದ್ದರೆ ಇಲ್ಲ. ಯಕ್ಷಗಾನ ಅಂಥದ್ದು, ಮಾತು ಅಂಥದ್ದು. ಕಂಪ್ಯೂಟರಿನ ಆಟವೂ ಅಂಥದ್ದೇ ಎಂದು ನನಗೆ ತಿಳಿಸಿಕೊಟ್ಟದ್ದು ನಮ್ಮ ಮನೆಯ ಕಪಾಟಿನಲ್ಲಿ ಬಹುಕಾಲ ಬಿದ್ದಿದ್ದ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಬೂದು ಬಣ್ಣದ ಕ್ಯಾಸೆಟ್.

ಅದನ್ನು ತಂದವನು ನನ್ನ ಅಣ್ಣ. 1990ರಲ್ಲಿ ಅವನು ಅಬುಧಾಬಿಗೆ ಹೋದ. ಆ ವರ್ಷಗಳಲ್ಲಿ ಕಾಸರಗೋಡು ಸೀಮೆಯಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಬೀದಿಯೇ ಇರಲಿಲ್ಲವೆನ್ನಬಹುದು. 1994ರ ಬೇಸಗೆಯಲ್ಲಿ ಅವನು ಒಂದು ತಿಂಗಳ ರಜೆಯಲ್ಲಿ ಬಂದಾಗ ಅಮ್ಮನಿಗೆ ಸೀರೆ, ಅಪ್ಪನಿಗೆ ಟೇಪ್ ರೆಕಾರ್ಡರ್, ನೆರೆಕರೆಯವರಿಗೆಲ್ಲ ಸೆಂಟಿನ ಕುಪ್ಪಿ. ನನಗೆ ಮಾತ್ರ ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರ, ಅದರ ಬೆನ್ನಿಗೆ ಸಿಕ್ಕಿಸುವ ಈ ಕ್ಯಾಸೆಟ್. ಯಂತ್ರದ ಹೆಸರು ಗೇಮ್ ಬಾಯ್. ಜಪಾನಿನ ನಿಂಟೆಂಡೊ ಕಂಪೆನಿ 1989ರಲ್ಲಿ ಹೊರತಂದದ್ದು. ಪಾಚಿ ಬಣ್ಣದ ಪರದೆ, ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು, ನಾಲ್ಕೇ ಛಾಯೆಗಳು. ನಾಲ್ಕು ಪೆನ್ ಸೆಲ್ ಹಾಕಬೇಕು. ಸೆಲ್ಲಿನ ಖರ್ಚು ನೋಡಿ ಅಮ್ಮ, "ಇದು ಆಟದ ಸಾಮಾನಾ, ಸಾಕಿದ ದನವಾ? ತಿನ್ನುವುದೇ ಕೆಲಸ" ಎಂದಿದ್ದಳು.

ಕ್ಯಾಸೆಟ್ಟಿನಲ್ಲಿದ್ದ ಆಟ 'ಲಿಂಕ್ಸ್ ಅವೇಕನಿಂಗ್'. 1993ರಲ್ಲಿ ಬಂದದ್ದು. ಹಡಗು ಒಡೆದು ಒಂದು ದ್ವೀಪದ ದಡಕ್ಕೆ ಬಂದು ಬಿದ್ದ ಹುಡುಗನ ಕಥೆ. ಎಂಟು ವಾದ್ಯಗಳನ್ನು ಸಂಪಾದಿಸಿ ನುಡಿಸಿದರೆ ಬೆಟ್ಟದ ತುದಿಯಲ್ಲಿ ಮಲಗಿದ ಒಂದು ಮಹಾಮತ್ಸ್ಯ ಎಚ್ಚರಗೊಳ್ಳುತ್ತದೆ, ಆಗ ಮಾತ್ರ ಅವನಿಗೆ ಊರಿಗೆ ಹೋಗುವ ದಾರಿ. ಆಟದ ತುಂಬ ಮಾತು, ಎಲ್ಲವೂ ಇಂಗ್ಲಿಷಿನಲ್ಲಿ. ನಾನೋ ಕನ್ನಡ ಮಾಧ್ಯಮದ ಆರನೆಯ ತರಗತಿ ಮುಗಿಸಿದವನು. ಹಾಗಾಗಿ ಅಣ್ಣ ಪ್ರತಿಯೊಂದು ಮಾತನ್ನೂ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಸುಮ್ಮನೆ ಹೇಳುವವನಲ್ಲ. ದಾರಿ ತೋರಿಸಲು ಆಗಾಗ ಒಂದು ಗೂಬೆ ಹಾರಿ ಬರುತ್ತದೆ. ಅದು ಬಂದಾಗಲೆಲ್ಲ ಅಣ್ಣ ತಾಳಮದ್ದಳೆಯ ಅರ್ಥಧಾರಿಯಾಗಿಬಿಡುತ್ತಿದ್ದ. ಗಂಟಲು ಸರಿಮಾಡಿಕೊಂಡು, "ಎಲೈ ತರುಣನೇ, ಈ ದ್ವೀಪದ ಒಳಗುಟ್ಟನ್ನು ನೀನರಿಯೆ" ಎಂದು ಶುರುಮಾಡಿದರೆ ಎರಡು ಸಾಲಿನ ಇಂಗ್ಲಿಷಿಗೆ ಅವನ ಅರ್ಥ ಎರಡು ನಿಮಿಷ. ಅಡಿಗೆಮನೆಯಿಂದ ಅಮ್ಮ, "ಭಾಗವತರಿಲ್ಲದ ಕೂಟ ಇದು ಯಾವುದು ಮಾರಾಯ?" ಎಂದು ಕೇಳುವಳು.

ಆ ದ್ವೀಪದ ಹಳ್ಳಿಯಲ್ಲಿ ಒಂದು ಅಂಗಡಿ ಉಂಟು. ಅಲ್ಲಿ ಒಂದು ಬಿಲ್ಲು, ಬೆಲೆ 980 ರುಪೀ. ನಗಬೇಡಿ, ಆ ಆಟದ ನಾಣ್ಯದ ಹೆಸರೇ ರುಪೀ. ಹುಲ್ಲು ಕಡಿದು, ಶತ್ರುಗಳನ್ನು ಹೊಡೆದು ಒಂದೊಂದಾಗಿ ಅದನ್ನು ಕೂಡಿಸಬೇಕು. ಅಣ್ಣನ ರಜೆಯಲ್ಲಿ ಆಗಲೇ ಎರಡು ವಾರ ಕಳೆದಿತ್ತು. ಒಂದು ರಾತ್ರಿ ಅವನು ಬಿಲ್ಲನ್ನು ಎತ್ತಿಕೊಂಡು ಅಂಗಡಿಯವನ ಸುತ್ತ ಎರಡು ಸುತ್ತು ಓಡಿ, ಅವನು ಆಚೆ ಮುಖ ಮಾಡಿದ ಹೊತ್ತಿಗೆ ದುಡ್ಡು ಕೊಡದೆ ಹೊರಗೆ ನಡೆದ. ಆಟ ಅದಕ್ಕೆ ತಕ್ಕ ಶಿಕ್ಷೆ ವಿಧಿಸಿತು. ಆರಂಭದಲ್ಲಿ ಆಟಗಾರ ತನ್ನ ಹೆಸರನ್ನು ಐದು ಅಕ್ಷರಗಳೊಳಗೆ ಬರೆದಿರುತ್ತಾನೆ. ಕದ್ದವನ ಆ ಹೆಸರನ್ನು ಆಟ ಶಾಶ್ವತವಾಗಿ ಅಳಿಸಿ 'ಥೀಫ್' ಎಂದು ಬರೆಯುತ್ತದೆ. ಆಮೇಲೆ ಊರಿನವರೆಲ್ಲ ಅವನನ್ನು ಕರೆಯುವುದು ಹಾಗೆಯೇ. ನಾನು ಅಳುಮೋರೆ ಮಾಡಿದೆ. "ನಿನ್ನ ಹೆಸರೇ ಹೋಯಿತಲ್ಲ ಅಣ್ಣ!" ಅವನು ನಕ್ಕ. "ಹೋಗಲಿ. ರಜೆ ಒಂದೇ ತಿಂಗಳು. 980 ಕೂಡಿಸುವಷ್ಟು ಪುರುಸೊತ್ತು ನನಗೆಲ್ಲಿ ಉಂಟು?"

ತಿಂಗಳು ಮುಗಿಯುವಾಗ ಅವನಿಗೆ ಸಿಕ್ಕಿದ್ದು ಐದು ವಾದ್ಯ. ಉಳಿದದ್ದನ್ನು ಮುಂದಿನ ರಜೆಯಲ್ಲಿ ನೋಡುವ ಎಂದು ಹೋದ. ಕ್ಯಾಸೆಟ್ಟಿನಲ್ಲಿ ಮೂರು ಜನರ ಆಟವನ್ನು ಉಳಿಸಿಡುವ ಜಾಗವಿತ್ತು. ಮೊದಲನೆಯದು ಅವನದ್ದು, ಎರಡನೆಯದು ನನ್ನದು. ಅವನದನ್ನು ನಾನು ಮುಟ್ಟಲಿಲ್ಲ. ಮುಂದಿನ ರಜೆಗಳಲ್ಲಿ ಮನೆ ಕಟ್ಟುವ ಕೆಲಸ, ತಂಗಿಯ ಮದುವೆ, ಆಮೇಲೆ ಅವನದೇ ಮದುವೆ. ಅತ್ತಿಗೆ ಚಂದ್ರಗಿರಿ ಹೊಳೆಯ ತೆಂಕಲಿನ ಹೊಸದುರ್ಗದವರು, ಮನೆಮಾತು ಮಲಯಾಳ. 2010ರಲ್ಲಿ ಕಾಯಿಲೆಯಾಗಿ ಅಣ್ಣ ತೀರಿಕೊಂಡಾಗ ಅವನಿಗೆ ನಲ್ವತ್ತು ವಯಸ್ಸು, ಮಗನಿಗೆ ನಾಲ್ಕು. ಅತ್ತಿಗೆ ತವರಿಗೆ ಹೋದರು. ಹುಡುಗ ಅಲ್ಲಿಯೇ ಬೆಳೆದ, ಅಲ್ಲಿಯ ಶಾಲೆಯಲ್ಲಿ ಕಲಿತ. ಅವನ ಬಾಯಲ್ಲಿ ಉಳಿದ ಕನ್ನಡವೆಂದರೆ 'ಚಿಕ್ಕಪ್ಪ', 'ಅಜ್ಜಿ', ಮತ್ತೆ ಊಟಕ್ಕೆ ಕುಳಿತಾಗ 'ಸಾಕು'.

2023ರ ಬೇಸಗೆಯಲ್ಲಿ ಪ್ಲಸ್ ಟು ಪರೀಕ್ಷೆ ಮುಗಿಸಿ ನಮ್ಮಲ್ಲಿಗೆ ಬಂದವನು ಕಪಾಟಿನಲ್ಲಿ ಕ್ಯಾಸೆಟ್ ಕಂಡ. ಅವನ ತಂದೆಯದ್ದು ಎಂದೆ. ಗೇಮ್ ಬಾಯ್ ಎಂದೋ ಕೆಟ್ಟು ಅದರ ಪರದೆ ಪೂರ್ತಿ ಕಪ್ಪಾಗಿತ್ತು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ: ಅಪ್ಪ ಆಡಿದ್ದು ಇದರೊಳಗೆ ಈಗಲೂ ಉಂಟಾ?

ಉಂಟೋ ಇಲ್ಲವೋ ಎಂಬುದು ಒಂದು ಬ್ಯಾಟರಿಯನ್ನು ಹೊಂದಿಕೊಂಡಿತ್ತು. ಈ ಬಗೆಯ ಕ್ಯಾಸೆಟ್ಟಿನಲ್ಲಿ ಆಟದ ಕಾರ್ಯಕ್ರಮ ಅಳಿಯದ ಚಿಪ್ಪಿನಲ್ಲಿರುತ್ತದೆ. ಇದರಲ್ಲಿ ಅದು 512 ಕಿಲೋಬೈಟ್. ಆಡಿದವರ ಲೆಕ್ಕ ಇರುವುದು ಬೇರೆ ಒಂದು ಚಿಪ್ಪಿನಲ್ಲಿ, ಕೇವಲ 8 ಕಿಲೋಬೈಟ್. ಆ ಚಿಪ್ಪಿಗೆ ಹಗಲು ರಾತ್ರಿ ಚೂರು ವಿದ್ಯುತ್ತು ಬೇಕು. ಅದನ್ನು ಕೊಡುವುದು ಒಳಗೆ ಬೆಸುಗೆ ಹಾಕಿರುವ ನಾಣ್ಯದಷ್ಟು ದೊಡ್ಡ ಬ್ಯಾಟರಿ. ಅದು ಸತ್ತ ದಿನ ಆಟ ಉಳಿಯುತ್ತದೆ, ಆಡಿದವನು ಹೋಗುತ್ತಾನೆ. ನಮ್ಮ ಬ್ಯಾಟರಿಗೆ ಆಗ ಮೂವತ್ತರ ಹತ್ತಿರ ವಯಸ್ಸು.

ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಐಟಿ ತರಗತಿಯನ್ನೂ ತೆಗೆದುಕೊಳ್ಳುತ್ತೇನೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶದ ದಾರಿ ಹಿಡಿದ ಕಾರಣ ನನಗೆ ಗ್ನು ಲಿನಕ್ಸ್ ಕಂಪ್ಯೂಟರಿನ ಬಳಕೆ ಚೆನ್ನಾಗಿದೆ. ಯಂತ್ರ ಸತ್ತರೂ ಆಟ ನಡೆಸುವ ದಾರಿ ಇರುವುದನ್ನು ಬಲ್ಲೆ. ಅದರ ಹೆಸರು ಎಮ್ಯುಲೇಟರ್. ಒಂದು ಯಂತ್ರದ ವೇಷ ಕಟ್ಟುವ ತಂತ್ರಾಂಶ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ಗೇಮ್ ಬಾಯ್‌ನ ಮಿದುಳು ಯಾವ ಆಜ್ಞೆಗೆ ಏನು ಮಾಡುತ್ತಿತ್ತೋ ಅದನ್ನೇ ಇದು ಕಂಪ್ಯೂಟರಿನೊಳಗೆ ಮಾಡಿ ತೋರಿಸುತ್ತದೆ. ಆಟಕ್ಕೆ ತಾನು ಹಳೆಯ ಮನೆಯಲ್ಲೇ ಇದ್ದೇನೆಂಬ ಭಾವನೆ. ಇಟೆಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗಾಗಿ 'ಮೇಮ್' ಎಂಬುದನ್ನು ಹೊರತಂದ. ಆ ಸುಮಾರಿಗೆ ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆಯವರು ಎಮ್ಯುಲೇಟರ್ ಬರೆದರು. ಆದರೆ ಪ್ರತಿಯೊಂದಕ್ಕೂ ಅದರದೇ ಕಿಟಕಿ, ಅದರದೇ ಗುಂಡಿ, ಅದರದೇ ಕ್ರಮ. ಹತ್ತು ಯಂತ್ರಗಳ ಆಟಕ್ಕೆ ಹತ್ತು ಸಲ ಕಲಿಯಬೇಕು.

ಈ ತೊಡಕನ್ನು ಬಿಡಿಸಿದ್ದು 'ರೆಟ್ರೋಆರ್ಚ್'. ನಾರ್ವೆಯ ಹಾನ್ಸ್ ಕ್ರಿಸ್ಟಿಯನ್ ಆರ್ನ್ಟ್‌ಸೆನ್ 2010ರಲ್ಲಿ ಬೇರೊಂದು ಹೆಸರಿನಿಂದ ತೊಡಗಿದ ಈ ತಂತ್ರಾಂಶಕ್ಕೆ 2012ರಲ್ಲಿ ಈಗಿನ ಹೆಸರು ಬಂತು. ಇದು ಕೆಲಸವನ್ನು ಎರಡು ಪಾಲು ಮಾಡುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಶಬ್ದ ಹೊರಡಿಸುವುದು, ಗುಂಡಿ ಒತ್ತಿದ್ದನ್ನು ಗಮನಿಸುವುದು, ಕಡತಗಳನ್ನು ಉಳಿಸುವುದು ಎಲ್ಲ ರೆಟ್ರೋಆರ್ಚಿನ ಪಾಲು. ಯಂತ್ರದ ವೇಷ ಮಾತ್ರ ಬೇರೆ ಬೇರೆ ಬಿಡಿಭಾಗಗಳ ಪಾಲು. ಅವುಗಳಿಗೆ 'ಕೋರ್' ಎಂದು ಹೆಸರು. ಗೇಮ್ ಬಾಯ್‌ಗೆ ಒಂದು ಕೋರ್, ಸೆಗಾದ ಯಂತ್ರಕ್ಕೆ ಇನ್ನೊಂದು, ಪ್ಲೇಸ್ಟೇಷನ್ನಿಗೆ ಮತ್ತೊಂದು. ಬೇಕಾದದ್ದನ್ನು ಸಿಕ್ಕಿಸಿಕೊಳ್ಳಬಹುದು, ಬೇಡದ್ದನ್ನು ಬಿಡಬಹುದು. ಇಬ್ಬರ ನಡುವೆ ಇರುವುದು 'ಲಿಬ್ರೆಟ್ರೋ' ಎಂಬ ಒಂದು ಒಪ್ಪಂದ. "ಒಂದು ಚಿತ್ರದಷ್ಟು ಹೊತ್ತು ನಡೆ" ಎಂದು ರೆಟ್ರೋಆರ್ಚ್ ಹೇಳುತ್ತದೆ. ಕೋರ್ ಅಷ್ಟೇ ನಡೆದು ಚಿತ್ರವನ್ನೂ ಶಬ್ದವನ್ನೂ ಒಪ್ಪಿಸಿ ಮುಂದಿನ ಅಪ್ಪಣೆಗೆ ಕಾಯುತ್ತದೆ. ಸೆಕೆಂಡಿಗೆ ಸುಮಾರು ಅರುವತ್ತು ಸಲ ಈ ಮಾತುಕತೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಾಳಮದ್ದಳೆಯ ಕೂಟಕ್ಕೆ ಒಬ್ಬ ಅರ್ಥಧಾರಿ ಪುತ್ತೂರಿನಿಂದ ಬರುತ್ತಾನೆ, ಇನ್ನೊಬ್ಬ ಮಂಜೇಶ್ವರದಿಂದ. ಮೊದಲು ಭೇಟಿಯಾದವರಲ್ಲ, ಅಭ್ಯಾಸ ಮಾಡಿದವರಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿ ಎತ್ತಿಕೊಳ್ಳುತ್ತಾನೆ, ಮುಗಿದೊಡನೆ ಮುಂದಿನ ಪದ್ಯ. ಕೂಟ ನಡೆಯುವುದು ಆ ಒಪ್ಪಂದದ ಬಲದಿಂದ. ಯಾವೊಬ್ಬನೂ ಅದರ ಒಡೆಯನಲ್ಲ. ಆದ್ದರಿಂದಲೇ ಒಬ್ಬ ಅರ್ಥಧಾರಿ ತೀರಿಕೊಂಡರೂ ಪ್ರಸಂಗ ಸಾಯುವುದಿಲ್ಲ.

ಕ್ಯಾಸೆಟ್ಟನ್ನು ಓದಿ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಕೊಡುವ ಒಂದು ಚಿಕ್ಕ ಸಾಧನವನ್ನು ತರಿಸಿದೆ. ಇನ್ನೊಬ್ಬರು ನಕಲು ಮಾಡಿ ಹಂಚಿದ ಆಟಗಳನ್ನು ಇಳಿಸಿಕೊಳ್ಳುವುದು ಬೇರೆ, ನಮ್ಮದೇ ಕ್ಯಾಸೆಟ್ಟಿನ ನಕಲು ತೆಗೆಯುವುದು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ನ್ಯಾಯವಾಗಿ ಪಡೆದ ತಂತ್ರಾಂಶದ ಪ್ರತಿಯಿಂದ ಸ್ವಂತ ಬಳಕೆಗೆ, ಲಾಭದ ಉದ್ದೇಶವಿಲ್ಲದೆ, ನಕಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಇಂಥ ನಕಲು ಬೇಕಾಗುವುದು ಯಾಕೆಂದರೆ ಹಳೆಯ ಆಟಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಮಾರಾಟದಲ್ಲೇ ಇರಲಿಲ್ಲ.

ಸಾಧನ ಮೊದಲು 512 ಕಿಲೋಬೈಟಿನ ಆಟವನ್ನು ಓದಿತು. ಆಮೇಲೆ 8 ಕಿಲೋಬೈಟಿನ ಲೆಕ್ಕವನ್ನು. ಆ ಸಣ್ಣ ಕಡತಕ್ಕೆ ಆಟದ ಹೆಸರನ್ನೇ ಇಟ್ಟು, ಬಾಲಕ್ಕೆ ರೆಟ್ರೋಆರ್ಚ್ ಕೇಳುವ 'ಎಸ್‌ಆರ್‌ಎಂ' ಎಂಬ ಅಕ್ಷರ ಸೇರಿಸಿ, ಅದು ಹುಡುಕುವ ಜಾಗದಲ್ಲಿಟ್ಟೆ. ಕೋರ್ ಆಗಿ 'ಗಾಂಬಾತ್ತೆ' ಎಂಬುದನ್ನು ಆರಿಸಿದೆ. ಜಪಾನಿ ಭಾಷೆಯಲ್ಲಿ 'ಛಲ ಬಿಡಬೇಡ' ಎಂದು ಹುರಿದುಂಬಿಸುವಾಗ ಆಡುವ ಮಾತಂತೆ ಅದು. ಹುಡುಗ ನನ್ನ ಕುರ್ಚಿಯ ಹಿಂದೆ ನಿಂತಿದ್ದ. ಪರದೆಯಲ್ಲಿ ಮೂರು ಸಾಲುಗಳು ಮೂಡಿದವು. ಮೂರನೆಯದು ಖಾಲಿ. ಎರಡನೆಯದರಲ್ಲಿ ನನ್ನ ಹೆಸರು. ಮೊದಲನೆಯದರಲ್ಲಿ 'ಥೀಫ್'.

"ಚಿಕ್ಕಪ್ಪಾ, ಅಚ್ಛನ್ ಕಳ್ಳನಾಯಿರುನ್ನೋ?"

ಕಳ್ಳ ಎಂಬ ಮಾತಿಗೆ ನಮ್ಮಲ್ಲಿ ಗಡಿಯಿಲ್ಲ, ಎರಡೂ ಭಾಷೆಯಲ್ಲಿ ಒಂದೇ. ನಾನು ನಕ್ಕೆ, ನಗುತ್ತಲೇ ಕಣ್ಣೊರಸಿಕೊಂಡೆ. ಬಿಲ್ಲಿನ ಕಥೆ ಹೇಳಿದೆ. 980 ರುಪೀ ಕೂಡಿಸಲು ಪುರುಸೊತ್ತಿಲ್ಲ ಎಂದು ಅವನಪ್ಪ ಹೇಳಿದ್ದನ್ನೂ ಹೇಳಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಅವನು ಕಂಡ ತಂದೆ ಗೋಡೆಯ ಮೇಲಿನ ಫೋಟೋದಲ್ಲಿ ಕೋಟು ಹಾಕಿಕೊಂಡು ನೇರ ನೋಡುವ ಮನುಷ್ಯ. ಇಲ್ಲಿದ್ದವನು ಇಪ್ಪತ್ತನಾಲ್ಕು ವಯಸ್ಸಿನ, ರಜೆ ಎಣಿಸುತ್ತಿದ್ದ, ಅಂಗಡಿಯವನ ಸುತ್ತ ಓಡುತ್ತಿದ್ದ ಹುಡುಗ.

ಆಟ ತೆರೆದಾಗ ಹಳ್ಳಿಯ ರಾಗ ಕೇಳಿಸಿತು. ಗೇಮ್ ಬಾಯ್‌ನಲ್ಲಿ ಶಬ್ದಕ್ಕೆ ಇರುವುದು ನಾಲ್ಕೇ ಎಳೆಗಳು. ಆ ನಾಲ್ಕನ್ನೂ ಇದ್ದ ಹಾಗೆ ಹೊರಡಿಸುವುದರಲ್ಲಿ ಒಳ್ಳೆಯ ಕೋರ್ ಬರೆದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಅವರ ಕೆಲಸಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಪ್ರಮಾಣಪತ್ರವನ್ನು ಇಲ್ಲಿ ದಾಖಲಿಸುತ್ತೇನೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ಗೆರಸೆ ಕೆಳಗಿಟ್ಟು ಬಾಗಿಲಿಗೆ ಬಂದು, "ಅದು ಅವನ ಸಾಮಾನಲ್ಲವಾ? ಸೆಲ್ಲು ಎಲ್ಲಿಂದ ಹಾಕಿದಿರಿ?" ಎಂದು ಕೇಳಿದಳು.

ಮರುದಿನ ಹುಡುಗನಿಗೆ ಪರೀಕ್ಷೆ ಮಾಡುವ ಉತ್ಸಾಹ. ಗಾಂಬಾತ್ತೆಯನ್ನು ತೆಗೆದು 'ಸೇಮ್‌ಬಾಯ್' ಎಂಬ ಇನ್ನೊಂದು ಕೋರ್ ಸಿಕ್ಕಿಸಿದ. ಅಪ್ಪನ ಆಟ ಹಾಗೆಯೇ ತೆರೆಯಿತು, ಐದು ವಾದ್ಯವೂ ಇದ್ದವು. ಆದರೆ ಹಿಂದಿನ ರಾತ್ರಿ ಅವನು ರೆಟ್ರೋಆರ್ಚಿನ ಇನ್ನೊಂದು ಸೌಕರ್ಯ ಬಳಸಿ ನಡುದಾರಿಯಲ್ಲಿ ಉಳಿಸಿದ್ದು ಈ ಕೋರಿನಲ್ಲಿ ತೆರೆಯಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಉಂಟು. ರೆಟ್ರೋಆರ್ಚಿನಲ್ಲಿ ಎರಡು ಬಗೆಯ ಉಳಿತಾಯ. ಒಂದು, ಆ ಕ್ಷಣದಲ್ಲಿ ಯಂತ್ರ ಹೇಗಿತ್ತೋ ಹಾಗೆಯೇ ಹಿಡಿದಿಡುವ ಫೋಟೋ. ಅದು ಹಿಡಿದ ಕೋರಿಗೆ ಮಾತ್ರ ಅರ್ಥವಾಗುತ್ತದೆ. ಇನ್ನೊಂದು, ಆಟ ತನ್ನದೇ ಭಾಷೆಯಲ್ಲಿ ತಾನೇ ಬರೆದಿಟ್ಟ ಲೆಕ್ಕ. ಅದು ಯಾವ ಕೋರಿಗೆ ಹೋದರೂ ನಡೆಯುತ್ತದೆ.

ಇದನ್ನು ಅವನಿಗೆ ವಿವರಿಸುತ್ತಿದ್ದಾಗ ನನ್ನ ಮನಸ್ಸು ಬೇರೆಲ್ಲೋ ಹೋಯಿತು. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವರು ಇದ್ದಲ್ಲೇ ಇದ್ದರು, ಅವರನ್ನು ನಡೆಸುವ ಯಂತ್ರ ಬದಲಾಯಿತು. ಅಂದಿನ ನೋವಿನ ಫೋಟೋ ನಮ್ಮೆಲ್ಲರ ಮನೆಯಲ್ಲೂ ಉಂಟು. ಅದು ಸುಳ್ಳಲ್ಲ, ಮರೆಯಬೇಕಾದದ್ದೂ ಅಲ್ಲ. ಆದರೆ ಹೊಳೆಯಾಚೆ ಹುಟ್ಟಿದ ಈ ಹುಡುಗನಿಗೆ ಆ ಫೋಟೋ ತೆರೆಯುವುದಿಲ್ಲ. ಅವನಿಗೆ ದಾಟಬಲ್ಲದ್ದು ಭಾಷೆ ತನ್ನೊಳಗೆ ತಾನೇ ಬರೆದಿಟ್ಟುಕೊಂಡದ್ದು ಮಾತ್ರ: ಒಂದು ಗಾದೆ, ಒಂದು ಬೈಗುಳ, ಒಂದು ಕಥೆ ಹೇಳುವ ಧಾಟಿ.

ನಾವು ಮೊದಲು ಮಾಡಿದ ಕೆಲಸ ಆ 8 ಕಿಲೋಬೈಟಿನ ಕಡತದ ನಕಲುಗಳನ್ನು ಮೂರು ಕಡೆ ಇಟ್ಟದ್ದು. ಅತ್ತಿಗೆಗೂ ಒಂದು ಕಳಿಸಿದೆವು. ಆಮೇಲೆ ಟಿವಿ ರಿಪೇರಿಯವರಲ್ಲಿ ಕ್ಯಾಸೆಟ್ಟಿನ ಹಳೆಯ ಬ್ಯಾಟರಿ ಕೀಳಿಸಿ ಹೊಸದನ್ನು ಬೆಸೆಸಿ, ಕೀಳುವಾಗ ಅಳಿದುಹೋದ ಲೆಕ್ಕವನ್ನು ಕಂಪ್ಯೂಟರಿನಿಂದ ಮತ್ತೆ ಅದಕ್ಕೆ ಬರೆದೆವು. ಮೂಲವನ್ನು ಮುಟ್ಟದೆ ಒಂದು ನಕಲಿನ ಮೇಲೆ ಹುಡುಗ ಅಪ್ಪ ನಿಲ್ಲಿಸಿದಲ್ಲಿಂದ ಮುಂದೆ ಆಡತೊಡಗಿದ. ಕಳ್ಳ ಎಂದು ಕರೆಸಿಕೊಳ್ಳುತ್ತಲೇ ಊರೆಲ್ಲ ತಿರುಗಿದ.

ಹೀಗೆ ಆಡುತ್ತಿದ್ದಾಗ ಗೂಬೆ ಬಂತು. ಇಂಗ್ಲಿಷ್ ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಆಟ ನಿಲ್ಲಿಸಿ ನನ್ನತ್ತ ತಿರುಗಿ ಕೇಳಿದ, ಇಲ್ಲಿ ಅಪ್ಪ ಎಂತ ಹೇಳುತ್ತಿದ್ದರು?

ರೆಟ್ರೋಆರ್ಚಿನಲ್ಲಿ ನೂರಕ್ಕೂ ಹೆಚ್ಚು ಕೋರ್‌ಗಳು ಸಿಗುತ್ತವೆ. ಚಿತ್ರವನ್ನು ಪಾಚಿ ಬಣ್ಣಕ್ಕೆ ತಿರುಗಿಸಬಹುದು, ಹಳೆಯ ಪರದೆಯ ಚುಕ್ಕಿಗಳನ್ನು ಹಾಗೆಯೇ ಮೂಡಿಸಬಹುದು, ಆಟವನ್ನು ಹಿಂದಕ್ಕೂ ಓಡಿಸಬಹುದು. ಆದರೆ ಅಣ್ಣನ ಧ್ವನಿ ಕ್ಯಾಸೆಟ್ಟಿನ ಯಾವ ಚಿಪ್ಪಿನಲ್ಲೂ ಇರಲಿಲ್ಲ. ಅದು ಇದ್ದದ್ದು ಆ ಒಂದು ತಿಂಗಳು ಅವನ ಮಗ್ಗುಲಲ್ಲಿ ಕುಳಿತಿದ್ದವನ ಕಿವಿಯಲ್ಲಿ. ಅದನ್ನು ನಡೆಸಬೇಕಾದರೆ ನಾನೇ ನಡೆಸಬೇಕು. ಗಂಟಲು ಸರಿಮಾಡಿಕೊಂಡೆ. "ಎಲೈ ತರುಣನೇ..." ಎಂದೆ. ಅಣ್ಣನಷ್ಟು ಚೆನ್ನಾಗಿ ಬರಲಿಲ್ಲ. ಒಳಗಿನಿಂದ ಅಮ್ಮ ಏನೂ ಅನ್ನಲಿಲ್ಲ, ಆದರೆ ಪಾತ್ರೆಯ ಸದ್ದು ನಿಂತಿತು.

ಎಂಟು ವಾದ್ಯವೂ ಸಿಕ್ಕಿ ಮಹಾಮತ್ಸ್ಯ ಎಚ್ಚರಗೊಂಡದ್ದು ಇಪ್ಪತ್ತು ದಿನಗಳ ಮೇಲೆ. ಆ ದ್ವೀಪವೆಲ್ಲ ಮತ್ಸ್ಯದ ಕನಸು, ಅದು ಎದ್ದೊಡನೆ ಊರು, ಅಂಗಡಿ, ಜನ ಎಲ್ಲ ಮಾಯ. ಅಣ್ಣ ಕಾಣದೆ ಹೋದ ಆ ಮುಕ್ತಾಯವನ್ನು ನಾವಿಬ್ಬರೂ ಕಂಡೆವು. ಮೂಲ ಕಡತದಲ್ಲಿ ಅಣ್ಣ ಈಗಲೂ ಐದು ವಾದ್ಯ ಹಿಡಿದುಕೊಂಡು, ಕದ್ದ ಬಿಲ್ಲಿನೊಂದಿಗೆ, ಮುಂದಿನ ರಜೆಗೆ ಕಾದಿದ್ದಾನೆ.

ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಗೂಬೆಯ ಅರ್ಥವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ, ಮಾತು ಕನ್ನಡದ್ದು, ಲಿಪಿ ಮಲಯಾಳದ್ದು. ಕಳೆದ ಓಣಂ ರಜೆಯಲ್ಲಿ ಬಂದಾಗ ಎಡಬದಿಯ ಹಾಳೆಗಳನ್ನು ಖಾಲಿ ಬಿಟ್ಟದ್ದು ಕಂಡು ಯಾಕೆಂದು ಕೇಳಿದೆ. ಅಲ್ಲಿ ಕನ್ನಡ ಅಕ್ಷರದಲ್ಲಿ ಬರೆಯಬೇಕು, ಚಿಕ್ಕಪ್ಪ ಕಲಿಸಬೇಕು ಎಂದ. ಅ ಆ ಇ ಈಯಿಂದ ಶುರುಮಾಡುವ ಎಂದರೆ ಕೇಳಲಿಲ್ಲ. ಮೊದಲು 'ಕಳ್ಳ' ಎಂದು ಬರೆಯಲು ಕಲಿತ. ಇಲ್ಲಿಯವರೆಗೆ ನಾಲ್ಕು ಹಾಳೆ ತುಂಬಿದೆ.